ವಾಲಿತೋ, ಮಗುಚಿತೋ, ಮುಳುಗಿತೋ? ಟೈಟಾನಿಕ್ ಕತೆ ಹೇಳಲು ಬೇಕಾದ ಇಂಗ್ಲಿಷ್

‘ದ ಟೈಟಾನಿಕ್ ಡ್ರೌನ್ಡ್.’ ಕಾಸರಗೋಡಿನ ಕನ್ನಡ ಮಾಧ್ಯಮದ ಹತ್ತನೇ ಕ್ಲಾಸಿನ ಮಕ್ಕಳಿಗೆ ಟೈಟಾನಿಕ್ ಬಗ್ಗೆ ನಾಲ್ಕು ಸಾಲು ಇಂಗ್ಲಿಷಿನಲ್ಲಿ ಬರೆಯಲು ಹೇಳಿ ನೋಡಿ. ಸುಮಾರು ಪುಸ್ತಕಗಳಲ್ಲಿ ಈ ವಾಕ್ಯ ಸಿಗುತ್ತದೆ. ಕುಂಬಳೆ ಕಡೆ ಸಂಜೆ ಹೊತ್ತು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ನನಗೆ ಇದು ಮಾಮೂಲಿ. ಮಕ್ಕಳನ್ನು ಬೈಯುವ ಹಾಗೂ ಇಲ್ಲ. ಕನ್ನಡದಲ್ಲಿ ಮನುಷ್ಯನೂ ಮುಳುಗುತ್ತಾನೆ, ಹಡಗೂ ಮುಳುಗುತ್ತದೆ, ಸಾಲ ಜಾಸ್ತಿಯಾದರೆ ಮನೆಯೂ ಮುಳುಗುತ್ತದೆ. ಇಂಗ್ಲಿಷಿನ ಡ್ರೌನ್‌ಗೆ ಮಾತ್ರ ಉಸಿರಾಡುವ ಜೀವವೇ ಬೇಕು. ಹಡಗು ಸಿಂಕ್ ಆಗುತ್ತದೆ.

ಇಂಥ ಪದಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವ ಪದ್ಧತಿ ನಮ್ಮಲ್ಲಿದೆ. ಪರೀಕ್ಷೆ ಮುಗಿದ ಮರುದಿನ ಪಟ್ಟಿಯೂ ಮುಗಿಯುತ್ತದೆ. ಹಡಗಿನ ಇಂಗ್ಲಿಷ್ ಪದಗಳಲ್ಲಿ ಹೆಚ್ಚಿನವು ಹಡಗಿನ ಒಂದು ಜಾಗವನ್ನೋ, ಅದು ಮುಳುಗುವಾಗಿನ ಒಂದು ಹಂತವನ್ನೋ ಹೇಳುತ್ತವೆ. ಆ ರಾತ್ರಿ ಏನಾಯಿತು ಅಂತ ಸರಿಯಾಗಿ ಗೊತ್ತಾದರೆ ಯಾವ ಪದ ಎಲ್ಲಿಗೆ ಅಂತ ತಾನಾಗಿಯೇ ಗೊತ್ತಾಗುತ್ತದೆ. ಹಾಗಾಗಿ ಕತೆಯ ಜೊತೆಗೇ ಹೋಗೋಣ.

1912ರ ಏಪ್ರಿಲ್ 10. ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿನಿಂದ ಟೈಟಾನಿಕ್ ನ್ಯೂಯಾರ್ಕಿಗೆ ಹೊರಟಿತು. ಫ್ರಾನ್ಸಿನ ಶೆರ್ಬೂರ್ಗ್ ಮತ್ತು ಐರ್ಲೆಂಡಿನ ಕ್ವೀನ್ಸ್‌ಟೌನ್‌ನಲ್ಲಿ ನಿಂತು, ಅಲ್ಲಿಂದ ಅಟ್ಲಾಂಟಿಕ್‌ಗೆ ಇಳಿಯಿತು. ಇದು ಅದರ ಮೊದಲ ಪ್ರಯಾಣ. ಮಕ್ಕಳು ‘ಫಸ್ಟ್ ಟ್ರಾವೆಲ್’ ಅಂತ ಬರೆಯುತ್ತಾರೆ. ಹಡಗಿನ ಮೊದಲ ಪ್ರಯಾಣಕ್ಕೆ ಮೇಡನ್ ವಾಯೇಜ್ ಎಂಬ ಸಿದ್ಧ ಮಾತೇ ಇದೆ. ಕಡಲಿನ ದೂರದ ಪ್ರಯಾಣ ವಾಯೇಜ್, ಬಸ್ಸಿನದ್ದು ಜರ್ನಿ. ಹಡಗಿನಲ್ಲಿ ಇದ್ದವರು ಅಬೋರ್ಡ್ ಅಥವಾ ಆನ್ ಬೋರ್ಡ್ ಇದ್ದರು. ಇದನ್ನು ಅಬ್ರಾಡ್ ಅಂತ ಬರೆದರೆ ಎಲ್ಲರೂ ಸುಮ್ನೆ ವಿದೇಶದಲ್ಲಿ ಇದ್ದರು ಅಂತಾಗುತ್ತದೆ. ಗಲ್ಫಿನಲ್ಲಿ ನೆಂಟರು ಇರದ ಮನೆ ನಮ್ಮಲ್ಲಿ ಕಡಿಮೆ, ಆದ್ದರಿಂದ ಅಬ್ರಾಡ್ ಎಲ್ಲರ ಬಾಯಲ್ಲೂ ಇದೆ. ಗೊಂದಲ ಅಲ್ಲಿಂದಲೇ ಬರುತ್ತದೆ.

ಹಡಗಿನ ಗಾತ್ರ ಹೇಳಬೇಕು. ಬೆಲ್‌ಫಾಸ್ಟಿನ ಹಾರ್ಲ್ಯಾಂಡ್ ಅಂಡ್ ವುಲ್ಫ್ ಕಾರ್ಖಾನೆಯಲ್ಲಿ ಕಟ್ಟಿದ ಈ ಹಡಗಿನ ಉದ್ದ ಸುಮಾರು 269 ಮೀಟರ್. ಅದರ ಇಡೀ ಮೈಗೆ, ಅಂದರೆ ನೀರಿನ ಮೇಲೆ ತೇಲುವ ಆ ದೊಡ್ಡ ಕಬ್ಬಿಣದ ಕವಚಕ್ಕೆ, ಹಲ್ ಎಂದು ಹೆಸರು. ತಳದ ಉದ್ದಕ್ಕೂ ಬೆನ್ನೆಲುಬಿನಂತೆ ಇರುವುದು ಕೀಲ್. ಮೇಲೆ ಓಡಾಡುವ ಮಹಡಿಗಳು ಡೆಕ್. ಹೊಗೆ ಬಿಡುವ ನಾಲ್ಕು ಕೊಳವೆಗಳು ಫನಲ್. ನಾಲ್ಕನೆಯ ಫನಲ್‌ಗೆ ಬಾಯ್ಲರ್‌ನ ಸಂಪರ್ಕ ಇರಲಿಲ್ಲ, ಮುಖ್ಯವಾಗಿ ಗಾಳಿಯಾಡಲು ಅದನ್ನು ಬಳಸುತ್ತಿದ್ದರು.

ಮುಂದಿನ ತುದಿ ಬೌ, ಹಿಂದಿನ ತುದಿ ಸ್ಟರ್ನ್. ಮಲಯಾಳ ಬಲ್ಲ ನಮ್ಮ ಮಕ್ಕಳಿಗೆ ಅಣಿಯಂ, ಅಮರಂ ಅಂದರೆ ಸಾಕು. ತೇಜಸ್ವಿನಿ ಹೊಳೆಯ ದೋಣಿ ಸ್ಪರ್ಧೆ ನೋಡಿದವರಿಗೆ ಅದನ್ನೂ ಹೇಳಬೇಕಾಗಿಲ್ಲ. ಓದುವಾಗ ಮಾತ್ರ ಜಾಗ್ರತೆ. ಬಿಲ್ಲಿಗೆ, ರಿಬ್ಬನ್ ಗಂಟಿಗೆ ಇರುವ ಸ್ಪೆಲ್ಲಿಂಗೇ ಇದಕ್ಕೂ ಇದೆ. ಅವು ಬೋ, ಇದು ಬೌ.

ಇನ್ನು ಎಡ ಬಲ. ಬೌ ಕಡೆಗೆ ಮುಖ ಮಾಡಿ ನಿಂತರೆ ಎಡಗಡೆ ಪೋರ್ಟ್, ಬಲಗಡೆ ಸ್ಟಾರ್‌ಬೋರ್ಡ್. ಸುಮ್ಮನೆ ಲೆಫ್ಟ್, ರೈಟ್ ಅಂದರೆ ಆಗುವುದಿಲ್ವಾ ಅಂತ ಮಕ್ಕಳು ಕೇಳುತ್ತಾರೆ. ಆಗುವುದಿಲ್ಲ. ಹಡಗಿನಲ್ಲಿ ಒಬ್ಬ ಮುಂದಕ್ಕೆ ನೋಡುತ್ತಿರುತ್ತಾನೆ, ಇನ್ನೊಬ್ಬ ಹಿಂದಕ್ಕೆ. ಇವನ ಎಡ ಅವನ ಬಲ. ತುರ್ತಿನ ಹೊತ್ತಲ್ಲಿ ಯಾರ ಎಡ ಅಂತ ಕೇಳುತ್ತಾ ನಿಂತರೆ ಕೆಲಸ ಕೆಟ್ಟಿತು. ಪೋರ್ಟ್ ಮತ್ತು ಸ್ಟಾರ್‌ಬೋರ್ಡ್ ಹಡಗಿನ ಎಡ ಬಲ. ಮನುಷ್ಯ ಯಾವ ಕಡೆ ತಿರುಗಿದರೂ ಅವು ಬದಲಾಗುವುದಿಲ್ಲ. ಹಿಂದೆ ಹಡಗಿನ ಬಲಗಡೆ ಒಂದು ದೊಡ್ಡ ಹುಟ್ಟು ಕಟ್ಟಿ ಅದರಿಂದಲೇ ದಿಕ್ಕು ತಿರುಗಿಸುತ್ತಿದ್ದರು. ಆ ಹುಟ್ಟು ಬಂದರಿನ ಕಟ್ಟೆಗೆ ತಾಗಿ ಮುರಿಯಬಾರದು ಅಂತ ಎಡಗಡೆಯನ್ನು ಕಟ್ಟೆಗೆ ಒರಗಿಸಿ ನಿಲ್ಲಿಸುತ್ತಿದ್ದರು. ಚುಕ್ಕಾಣಿ ಇರುವ ಬದಿ ಸ್ಟಾರ್‌ಬೋರ್ಡ್ ಆಯಿತು, ಬಂದರಿನ ಬದಿ ಪೋರ್ಟ್ ಆಯಿತು. ಇವತ್ತಿಗೂ ರಾತ್ರಿ ಹೊತ್ತು ಹಡಗಿನ ಪೋರ್ಟ್ ಕಡೆ ಕೆಂಪು ದೀಪ, ಸ್ಟಾರ್‌ಬೋರ್ಡ್ ಕಡೆ ಹಸಿರು ದೀಪ ಇರುತ್ತದೆ.

ಏಪ್ರಿಲ್ 14ರ ರಾತ್ರಿ 11.40. ಹಡಗು ಸುಮಾರು 22 ನಾಟ್ ವೇಗದಲ್ಲಿ ಹೋಗುತ್ತಿತ್ತು. ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲು, ಅಂದರೆ 1.852 ಕಿಲೋಮೀಟರ್. ಲೆಕ್ಕ ಹಾಕಿದರೆ ಗಂಟೆಗೆ 40 ಕಿಲೋಮೀಟರ್ ಚಿಲ್ಲರೆ. ‘22 ನಾಟ್ಸ್ ಪರ್ ಅವರ್’ ಅಂತ ಬರೆಯುವ ಅಭ್ಯಾಸ ಪತ್ರಿಕೆಯವರಿಗೂ ಇದೆ. ಗಂಟೆಯ ಲೆಕ್ಕ ನಾಟ್‌ನ ಒಳಗೇ ಇದೆ, ಮತ್ತೆ ಪರ್ ಅವರ್ ಬೇಡ.

ಕಂಬದ ಮೇಲಿನ ಕಾವಲು ಬುಟ್ಟಿ, ಅಂದರೆ ಕ್ರೋಸ್ ನೆಸ್ಟ್‌ನಲ್ಲಿ ಇಬ್ಬರು ಲುಕೌಟ್‌ಗಳಿದ್ದರು. ಒಬ್ಬ ಫ್ರೆಡರಿಕ್ ಫ್ಲೀಟ್, ಇನ್ನೊಬ್ಬ ರೆಜಿನಾಲ್ಡ್ ಲೀ. ಫ್ಲೀಟ್ ಮೂರು ಸಲ ಗಂಟೆ ಬಾರಿಸಿ, ಫೋನಿನಲ್ಲಿ ನೇರ ಎದುರಿಗೆ ಐಸ್‌ಬರ್ಗ್ ಇದೆ ಎಂದು ತಿಳಿಸಿದ. ಬ್ರಿಡ್ಜ್‌ನಲ್ಲಿ ಡ್ಯೂಟಿಯಲ್ಲಿ ಇದ್ದವರು ಫಸ್ಟ್ ಆಫೀಸರ್ ವಿಲಿಯಂ ಮರ್ಡಕ್. ಇಲ್ಲಿ ಬ್ರಿಡ್ಜ್ ಅಂದರೆ ಸೇತುವೆ ಅಲ್ಲ, ಹಡಗನ್ನು ನಡೆಸುವ ಕೋಣೆ. ಮರ್ಡಕ್ ಕೊಟ್ಟ ಆಜ್ಞೆ: ‘ಹಾರ್ಡ್ ಎ ಸ್ಟಾರ್‌ಬೋರ್ಡ್.’ ಹಡಗು ತಿರುಗಿದ್ದು ಪೋರ್ಟ್ ಕಡೆಗೆ, ಅಂದರೆ ಎಡಕ್ಕೆ.

ಇಲ್ಲಿ ಓದುಗರು ನಿಲ್ಲುತ್ತಾರೆ. ಚಕ್ರ ಹಿಡಿದ ರಾಬರ್ಟ್ ಹಿಚನ್ಸ್ ಗಾಬರಿಯಲ್ಲಿ ಉಲ್ಟಾ ತಿರುಗಿಸಿದ ಅಂತ ಹೇಳುವವರೂ ಇದ್ದಾರೆ. ನನಗೆ ಆ ಕತೆ ನಂಬಿಕೆ ಹುಟ್ಟಿಸುವುದಿಲ್ಲ. ಕಾರಣ ಆ ಕಾಲದ ಆಜ್ಞೆಯ ಪದ್ಧತಿಯಲ್ಲೇ ಇದೆ. ಮಂಜೇಶ್ವರದ ಮೀನುಗಾರಿಕಾ ಬಂದರಿಗೆ ಹೋಗಿ ಔಟ್‌ಬೋರ್ಡ್ ಎಂಜಿನ್ ಇರುವ ದೋಣಿಯನ್ನು ನೋಡಿ. ನಡೆಸುವವನು ಸ್ಟರ್ನ್‌ನಲ್ಲಿ ಕೂತಿರುತ್ತಾನೆ. ಎಂಜಿನ್ನಿನ ಹಿಡಿ ಅವನ ಕೈಯಲ್ಲಿರುತ್ತದೆ. ಹಿಡಿಯನ್ನು ಬಲಕ್ಕೆ ದೂಡಿದರೆ ನೀರಿನೊಳಗಿನ ಫ್ಯಾನು ಇನ್ನೊಂದು ಕಡೆ ತಿರುಗಿ ದೋಣಿಯ ಮೂತಿ ಎಡಕ್ಕೆ ಹೋಗುತ್ತದೆ. ದೋಣಿಯಲ್ಲಿ ಬೆಳೆದ ಮಕ್ಕಳಿಗೆ ಇದನ್ನು ಯಾರೂ ಕಲಿಸಿಲ್ಲ, ಕೈಗೇ ಗೊತ್ತು. ಹಳೆಯ ಹಡಗುಗಳ ಚುಕ್ಕಾಣಿಗೂ ಇಂಥದೇ ಹಿಡಿ ಇತ್ತು, ಅದರ ಹೆಸರು ಟಿಲ್ಲರ್. ಆಜ್ಞೆ ಕೊಡುತ್ತಿದ್ದದ್ದು ಟಿಲ್ಲರ್ ಯಾವ ಕಡೆ ಹೋಗಬೇಕು ಎಂದು. ಚಕ್ರ ಬಂದ ಮೇಲೂ ಹಳೆಯ ಮಾತೇ ಮುಂದುವರಿಯಿತು. 1930ರ ದಶಕದಲ್ಲಿ ಈ ಪದ್ಧತಿ ಬಿಟ್ಟು, ಹಡಗು ತಿರುಗಬೇಕಾದ ಕಡೆಯನ್ನೇ ಹೇಳುವ ನಿಯಮ ಬಂತು. ಮರ್ಡಕ್ ಹೇಳಿದ್ದಕ್ಕೂ ಹಡಗು ತಿರುಗಿದ್ದಕ್ಕೂ ತಾಳೆ ಇದೆ. ತಿರುಗಲು ಜಾಗ ಸಾಲಲಿಲ್ಲ ಅಷ್ಟೆ.

ಮೂತಿ ಎಡಕ್ಕೆ ಹೊರಳಿತು, ಬಲಪಕ್ಕೆ ಮಂಜುಗಡ್ಡೆಗೆ ಉಜ್ಜಿತು. ಕ್ರಿಯಾಪದ ಆರಿಸುವಾಗ ಇದು ನೆನಪಿರಲಿ. ಹಿಟ್ ಎಂದರೆ ತಪ್ಪಿಲ್ಲ, ಆದರೆ ಸಪ್ಪೆ. ಸ್ಟ್ರೈಕ್ ಅನ್ನುವುದು ಹಡಗಿನ ವರದಿಗಳಲ್ಲಿ ಬರುವ ಮಾತು. ಕೊಲೈಡ್ ವಿತ್ ಕೂಡ ಸರಿ, ವಿತ್ ಮರೆಯಬಾರದು. ಗ್ರೇಜ್ ಎಂದರೆ ಸವರಿಕೊಂಡು ಹೋಗು. ಹಲವು ಪ್ರಯಾಣಿಕರಿಗೆ ಅನಿಸಿದ್ದು ಸಣ್ಣ ಅದುರಾಟ ಮಾತ್ರ. ಆದ್ದರಿಂದ ‘ಕ್ರ್ಯಾಶ್ಡ್’ ಎಂದು ಬರೆದರೆ ಏನೋ ಜಾಸ್ತಿ ಸದ್ದು ಮಾಡಿದ ಹಾಗೆ.

ಹಲ್‌ಗೆ ಆದ ಗಾಯಕ್ಕೂ ಪದ ಹುಡುಕಬೇಕು. ಬಹಳ ಕಾಲ ಎಲ್ಲರೂ ಬರೆದದ್ದು ಗ್ಯಾಶ್ ಎಂದು. ಗ್ಯಾಶ್ ಅಂದರೆ ಕತ್ತಿಯಲ್ಲಿ ಸೀಳಿದ ಹಾಗೆ ಉದ್ದದ, ಆಳದ ಗಾಯ. ಮಂಜುಗಡ್ಡೆ ಹಡಗಿನ ಪಕ್ಕೆಯನ್ನು 300 ಅಡಿ ಉದ್ದಕ್ಕೆ ಸೀಳಿಹಾಕಿತು ಎಂದೇ ಜನ ನಂಬಿದ್ದರು. ಆದರೆ ಹಡಗು ಕಟ್ಟಿದ ಕಂಪನಿಯ ಎಂಜಿನಿಯರ್ ಎಡ್ವರ್ಡ್ ವೈಲ್ಡಿಂಗ್ 1912ರಲ್ಲೇ ನೀರು ನುಗ್ಗಿದ ವೇಗದಿಂದ ಲೆಕ್ಕ ಹಾಕಿ, ಒಟ್ಟು ತೂತು 12 ಚದರ ಅಡಿಯಷ್ಟೇ ಇರಬೇಕು ಎಂದಿದ್ದರು. 1996ರಲ್ಲಿ ಸೋನಾರ್‌ನಿಂದ, ಅಂದರೆ ಶಬ್ದದ ಅಲೆ ಕಳಿಸಿ ಪರೀಕ್ಷೆ ಮಾಡಿದಾಗ ಕಂಡದ್ದು ಆರು ಸಪೂರ ಬಿರುಕುಗಳು. ಗಡ್ಡೆ ಒತ್ತಿದ ಒತ್ತಡಕ್ಕೆ ಉಕ್ಕಿನ ಹಲಗೆಗಳ ಜೋಡಣೆ ಬಿಟ್ಟಿತ್ತು, ಅವನ್ನು ಜೋಡಿಸಿದ ಮೊಳೆಗಳು, ಅಂದರೆ ರಿವೆಟ್‌ಗಳು, ಕಿತ್ತಿದ್ದವು. ಇದಕ್ಕೆ ಸ್ಲಿಟ್ ಎನ್ನಬಹುದು, ಗ್ಯಾಶ್ ಎನ್ನುವಂತಿಲ್ಲ. ಒಂದು ಸಣ್ಣ ಕೋಣೆಯ ಬಾಗಿಲಿನಷ್ಟೂ ಇಲ್ಲದ ತೂತು ಅಷ್ಟು ದೊಡ್ಡ ಹಡಗನ್ನು ಮುಳುಗಿಸಿತು ಎಂದರೆ ಮಕ್ಕಳು ನಂಬುವುದಿಲ್ಲ. ತೂತು ದೊಡ್ಡದಾಗಿರಲಿಲ್ಲ, ನಿಜ. ಉದ್ದಕ್ಕೆ ಹರಡಿತ್ತು, ಅದೇ ಕಷ್ಟ.

ಹಡಗಿನ ಹೊಟ್ಟೆಯನ್ನು ಅಡ್ಡ ಗೋಡೆಗಳಿಂದ ಭಾಗ ಮಾಡಿರುತ್ತಾರೆ. ಗೋಡೆ ಬಲ್ಕ್‌ಹೆಡ್, ಎರಡು ಗೋಡೆಗಳ ನಡುವಿನ ಭಾಗ ಕಂಪಾರ್ಟ್‌ಮೆಂಟ್. ಒಂದರಿಂದ ಇನ್ನೊಂದಕ್ಕೆ ನೀರು ಹೋಗದಂತೆ ಮುಚ್ಚಿದರೆ ಅದು ವಾಟರ್‌ಟೈಟ್. ಟೈಟಾನಿಕ್‌ನಲ್ಲಿ 15 ಬಲ್ಕ್‌ಹೆಡ್, 16 ಕಂಪಾರ್ಟ್‌ಮೆಂಟ್ ಇದ್ದವು. ಅಕ್ಕಪಕ್ಕದ ಯಾವುದೇ ಎರಡು ತುಂಬಿದರೂ ತೇಲುತ್ತಿತ್ತು. ಮುಂದಿನ ನಾಲ್ಕು ತುಂಬಿದರೂ ತೇಲುತ್ತಿತ್ತು. ಅವತ್ತು ಮುಂದಿನ ಐದಕ್ಕೆ ನೀರು ನುಗ್ಗಿತು, ಆರನೆಯದಕ್ಕೂ ಸ್ವಲ್ಪ ತಾಗಿತ್ತು. ಬಲ್ಕ್‌ಹೆಡ್‌ಗಳು ಹಡಗಿನ ಮೇಲ್ತುದಿವರೆಗೆ ಇರಲಿಲ್ಲ. ಕೆಲವು ಡಿ ಡೆಕ್ ತನಕ, ನಡುವಿನವು ಅದಕ್ಕಿಂತ ಕೆಳಗಿನ ಇ ಡೆಕ್ ತನಕ ಮಾತ್ರ. ಮುಂದಿನ ಭಾಗ ಭಾರವಾಗಿ ಬೌ ತಗ್ಗಿದಂತೆ ಗೋಡೆಗಳ ತಲೆಯೂ ತಗ್ಗಿತು. ಆಟಿ ತಿಂಗಳ ಮಳೆಯಲ್ಲಿ ಒಂದು ಗದ್ದೆ ತುಂಬಿ, ಹುಣಿ ದಾಟಿ ನೀರು ಮುಂದಿನ ಗದ್ದೆಗೆ ಇಳಿಯುವ ಹಾಗೆ ಇಲ್ಲೂ ನೀರು ಒಂದರಿಂದ ಒಂದಕ್ಕೆ ದಾಟುತ್ತಾ ಹೋಯಿತು. ಇದಕ್ಕೆ ಫ್ಲಡ್ ಎಂಬ ಕ್ರಿಯಾಪದ ಸಾಕು. ಕಂಪಾರ್ಟ್‌ಮೆಂಟ್ ಫ್ಲಡ್ ಆಯಿತು. ಅಂಚು ಮೀರಿ ಚೆಲ್ಲಿದ್ದಕ್ಕೆ ಸ್ಪಿಲ್ ಓವರ್.

‘ಅನ್‌ಸಿಂಕಬಲ್’ ಎಂಬ ಪದ ಇಲ್ಲಿಂದಲೇ ಬಂದದ್ದು. 1911ರಲ್ಲಿ ದ ಶಿಪ್‌ಬಿಲ್ಡರ್ ಎಂಬ ಇಂಗ್ಲಿಷ್ ಪತ್ರಿಕೆ ಈ ವಾಟರ್‌ಟೈಟ್ ಬಾಗಿಲುಗಳ ವ್ಯವಸ್ಥೆಯನ್ನು ವರ್ಣಿಸುತ್ತಾ, ಹಡಗು ‘ಪ್ರಾಕ್ಟಿಕಲಿ ಅನ್‌ಸಿಂಕಬಲ್’ ಎಂದು ಬರೆದಿತ್ತು. ಪ್ರಾಕ್ಟಿಕಲಿ ಎಂದರೆ ಹೆಚ್ಚುಕಡಿಮೆ. ಊರೆಲ್ಲ ಸುತ್ತುವಾಗ ಆ ಪದ ಬಿದ್ದುಹೋಯಿತು.

ಹಡಗು ಸಮತೋಲ ತಪ್ಪುವುದನ್ನು ಹೇಳುವ ಪದಗಳಲ್ಲಿ ಅತಿ ಉಪಯೋಗದ್ದು ಲಿಸ್ಟ್. ಪಟ್ಟಿ ಅಲ್ಲ, ಪಕ್ಕಕ್ಕೆ ವಾಲುವುದು. ಟೈಟಾನಿಕ್ ಮೊದಲು ಸ್ಟಾರ್‌ಬೋರ್ಡ್ ಕಡೆಗೆ ಸ್ವಲ್ಪ ಲಿಸ್ಟ್ ಆಗಿ, ಆಮೇಲೆ ಪೋರ್ಟ್ ಕಡೆಗೆ ವಾಲಿತು. ಮೂತಿ ತಗ್ಗಿದರೆ ಲಿಸ್ಟ್ ಎನ್ನುವುದಿಲ್ಲ. ‘ಡೌನ್ ಬೈ ದ ಹೆಡ್’ ಎನ್ನುತ್ತಾರೆ. ಪೂರ್ತಿ ಮಗುಚಿಬಿದ್ದರೆ ಕ್ಯಾಪ್‌ಸೈಜ್. ಟೈಟಾನಿಕ್ ಕ್ಯಾಪ್‌ಸೈಜ್ ಆಗಲಿಲ್ಲ. ಆ ಪದಕ್ಕೆ ಉದಾಹರಣೆ ಬೇಕಾದರೆ ಕೋಸ್ಟಾ ಕಾಂಕಾರ್ಡಿಯಾ ಇದೆ. 2012ರ ಜನವರಿ 13ರಂದು ಇಟಲಿಯ ಜೀಲಿಯೋ ದ್ವೀಪದ ಬಂಡೆಗೆ ತಾಗಿ, ದಡದ ಹತ್ತಿರವೇ ಮಗ್ಗುಲಿಗೆ ಬಿದ್ದ ಹಡಗು ಅದು. 32 ಜನ ಸತ್ತರು.

ತಳ ಹೂತು ನಿಂತರೆ ರನ್ ಅಗ್ರೌಂಡ್. 2022ರ ಜೂನ್‌ನಲ್ಲಿ ನಮ್ಮ ಗಡಿಯ ಆಚೆಗೆ, ಉಳ್ಳಾಲದ ಉಚ್ಚಿಲ-ಬಟ್ಟಪ್ಪಾಡಿ ಕಡಲಲ್ಲಿ ಪ್ರಿನ್ಸೆಸ್ ಮಿರಾಲ್ ಎಂಬ ಸರಕು ಹಡಗಿಗೆ ನೀರು ನುಗ್ಗಿ ಅದು ಅಲ್ಲೇ ಸಿಕ್ಕಿಬಿತ್ತು. ಉಕ್ಕಿನ ಸುರುಳಿ ಹೊತ್ತುಕೊಂಡು ಲೆಬನಾನ್‌ಗೆ ಹೊರಟಿದ್ದ ಹಡಗು. ಅದರಲ್ಲಿದ್ದ 15 ಮಂದಿ ಸಿರಿಯಾದವರನ್ನು ಕೋಸ್ಟ್ ಗಾರ್ಡ್ ಪಾರುಮಾಡಿತು. ತಲಪಾಡಿ ಆಚೀಚೆಯ ಜನಕ್ಕೆ ಅಗ್ರೌಂಡ್ ಅಂದರೆ ಏನು ಅಂತ ವಿವರಿಸಲು ಟೈಟಾನಿಕ್ ತನಕ ಹೋಗಬೇಕಾಗಿಲ್ಲ.

ನೀರು ತುಂಬಿ ಮುಳುಗುವುದಕ್ಕೆ ಫೌಂಡರ್ ಎಂಬ ಇನ್ನೊಂದು ಕ್ರಿಯಾಪದ ಇದೆ. ಶಾಲೆ ಕಟ್ಟಿದವರೂ ಫೌಂಡರ್, ಮುಳುಗುವುದೂ ಫೌಂಡರ್. ಮಕ್ಕಳು ಇದನ್ನು ಕೇಳಿ ನಕ್ಕು ಬಿಡುತ್ತಾರೆ. ಹತ್ತನೇ ಕ್ಲಾಸಿನವರಿಗೆ ಇದು ಬೇಕಾಗಿಲ್ಲ, ಪತ್ರಿಕೆಯಲ್ಲಿ ಕಂಡರೆ ಗೊತ್ತಾಗಲಿ ಅಂತ ಹೇಳಿದೆ.

ಸಿಂಕ್ ವಿಷಯಕ್ಕೆ ವಾಪಸ್ ಬರೋಣ. ಸಿಂಕ್, ಸ್ಯಾಂಕ್, ಸಂಕ್. ‘ದ ಟೈಟಾನಿಕ್ ಸ್ಯಾಂಕ್’ ಎಂದರೆ ಸರಿ. ‘ವಾಸ್ ಸ್ಯಾಂಕ್’ ಎಂಬುದು ಇಲ್ಲವೇ ಇಲ್ಲ. ‘ವಾಸ್ ಸಂಕ್’ ಎಂದರೆ ಯಾರೋ ಬೇಕೆಂದೇ ಮುಳುಗಿಸಿದರು ಎಂಬ ಧ್ವನಿ ಬರುತ್ತದೆ. 1915ರ ಮೇ 7ರಂದು ಜರ್ಮನ್ ಸಬ್‌ಮರೀನ್ ಟಾರ್ಪಿಡೊ ಹೊಡೆದ ಲುಸಿಟಾನಿಯಾಕ್ಕೆ ಅದು ಸಲ್ಲುತ್ತದೆ. 1914ರ ಸೆಪ್ಟೆಂಬರ್ 22ರಂದು ಮದ್ರಾಸಿನ ಮೇಲೆ ಗುಂಡು ಹಾರಿಸಿದ ಎಂಡೆನ್ ಎಂಬ ಜರ್ಮನ್ ಯುದ್ಧನೌಕೆ ನಮ್ಮ ಸುತ್ತಲಿನ ಕಡಲಿನಲ್ಲಿ ಎಷ್ಟೋ ಸರಕು ಹಡಗುಗಳನ್ನು ಮುಳುಗಿಸಿತ್ತು. ಮಲಯಾಳದಲ್ಲಿ ಭಾರೀ ದೊಡ್ಡದಕ್ಕೆ ‘ಯಮಂಡನ್’ ಅನ್ನುವುದು ಆ ಹಡಗಿನ ಹೆಸರಿನಿಂದ ಅಂತ ಹೇಳುತ್ತಾರೆ. ಹೀಗೆ ಹೇಳಿದರೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಈಗ ಜನರ ಮಾತು. ಹಡಗಿನಲ್ಲಿ 2,200ಕ್ಕೂ ಹೆಚ್ಚು ಜನ. ಲೈಫ್‌ಬೋಟ್ 20. ಅವುಗಳಲ್ಲಿ 65 ಜನ ಹಿಡಿಯುವವು 14, 40 ಜನ ಹಿಡಿಯುವವು 2, ಮಡಚಿಡಬಹುದಾದ 47 ಜನರವು 4. ಒಟ್ಟು 1,178 ಜನಕ್ಕೆ ಜಾಗ. ಬ್ರಿಟಿಷ್ ನಿಯಮಕ್ಕೆ 16 ಬೋಟು ಇದ್ದರೆ ಸಾಕಿತ್ತು. 10,000 ಟನ್ನಿಗಿಂತ ದೊಡ್ಡ ಹಡಗುಗಳಿಗೆಲ್ಲ ಒಂದೇ ಲೆಕ್ಕ, ಟೈಟಾನಿಕ್ 46,000 ಟನ್ ದಾಟಿತ್ತು. ಕಾನೂನು ಮುರಿಯದೆಯೇ ಅರ್ಧ ಜನಕ್ಕೆ ಬೋಟಿಲ್ಲದ ಹಡಗನ್ನು ಕಡಲಿಗೆ ಬಿಡಬಹುದಿತ್ತು ಅನ್ನುವುದು ನನಗೆ ಮಂಜುಗಡ್ಡೆಗಿಂತ ದೊಡ್ಡ ವಿಷಯವಾಗಿ ಕಾಣುತ್ತದೆ.

ಬೋಟನ್ನು ಹಗ್ಗದಲ್ಲಿ ಇಳಿಸುವುದು ಲೋವರ್. ಇಳಿಸುವ ಬಾಗಿದ ಕಬ್ಬಿಣದ ತೋಳು ಡೇವಿಟ್. ಹಡಗು ಬಿಟ್ಟುಹೋಗುವುದು ಅಬ್ಯಾಂಡನ್ ಶಿಪ್. ಬೋಟು ಇಳಿಸುವಾಗ ಕೊಟ್ಟ ಆಜ್ಞೆ ಎಲ್ಲರಿಗೂ ಗೊತ್ತು: ‘ವಿಮೆನ್ ಅಂಡ್ ಚಿಲ್ಡ್ರನ್ ಫಸ್ಟ್.’ ಇದೇ ಮಾತನ್ನು ಇಬ್ಬರು ಅಧಿಕಾರಿಗಳು ಎರಡು ರೀತಿ ತೆಗೆದುಕೊಂಡರು. ಸ್ಟಾರ್‌ಬೋರ್ಡ್ ಕಡೆ ಮರ್ಡಕ್ ಇದ್ದರು. ಹತ್ತಿರದಲ್ಲಿ ಹೆಂಗಸರು, ಮಕ್ಕಳು ಇಲ್ಲದಿದ್ದರೆ ಗಂಡಸರನ್ನೂ ಹತ್ತಿಸಿದರು. ಪೋರ್ಟ್ ಕಡೆ ಸೆಕೆಂಡ್ ಆಫೀಸರ್ ಚಾರ್ಲ್ಸ್ ಲೈಟೋಲರ್. ಅವರಿಗೆ ಫಸ್ಟ್ ಅಂದರೆ ಓನ್ಲಿ. ಜಾಗ ಖಾಲಿ ಇದ್ದರೂ ಗಂಡಸು ಪ್ರಯಾಣಿಕರನ್ನು ಬಿಡಲಿಲ್ಲ. ಒಬ್ಬ ಗಂಡಸು ಆ ರಾತ್ರಿ ಹಡಗಿನ ಯಾವ ಪಕ್ಕದಲ್ಲಿ ನಿಂತಿದ್ದ ಅನ್ನುವುದರ ಮೇಲೆ ಅವನ ಜೀವ ನಿಂತಿತ್ತು. ಪೋರ್ಟ್, ಸ್ಟಾರ್‌ಬೋರ್ಡ್ ಕಲಿಯಲು ಇದಕ್ಕಿಂತ ಗಟ್ಟಿ ಕಾರಣ ನಾನು ಬೇರೆ ಕಂಡಿಲ್ಲ. ಇನ್ನೊಂದು ಸೋಜಿಗ ಇದೆ. 40 ಜನ ಹಿಡಿಯುವ ಒಂದನೇ ನಂಬರಿನ ಬೋಟು 12 ಜನರನ್ನು ಕೂರಿಸಿಕೊಂಡು ಹೋಯಿತು.

ವಯರ್‌ಲೆಸ್ ಕೋಣೆಯಲ್ಲಿ ಜ್ಯಾಕ್ ಫಿಲಿಪ್ಸ್ ಮತ್ತು ಹೆರಾಲ್ಡ್ ಬ್ರೈಡ್ ಡಿಸ್ಟ್ರೆಸ್ ಕಾಲ್ ಕಳಿಸುತ್ತಿದ್ದರು. ಮೊದಲು ಹಳೆಯ ಸಂಕೇತ ಸಿಕ್ಯೂಡಿ, ಆಮೇಲೆ ಎಸ್‌ಓಎಸ್. ‘ಸೇವ್ ಅವರ್ ಸೋಲ್ಸ್’ ಎಂಬ ವಿಸ್ತರಣೆ ಹಿಂದಿನಿಂದ ಅಂಟಿಸಿದ್ದು. ಮೂರು ಚುಕ್ಕಿ, ಮೂರು ಗೆರೆ, ಮೂರು ಚುಕ್ಕಿ ಕಳಿಸಲು ಸುಲಭ ಎಂದು ಅದನ್ನು ಆರಿಸಿದ್ದರು. ಕಾರ್ಪೇತಿಯಾ ಎಂಬ ಹಡಗು ಅದನ್ನು ಕೇಳಿ ಹೊರಟು ಬೆಳಗಿನ ಜಾವ 4 ಗಂಟೆ ಹೊತ್ತಿಗೆ ತಲುಪಿತು. ಟೈಟಾನಿಕ್ 2.20ಕ್ಕೇ ಮುಳುಗಿತ್ತು.

ಬದುಕಿದವರು 700ರ ಆಸುಪಾಸು. ಇಲ್ಲಿ ಮಕ್ಕಳು ‘ಪೀಪಲ್ ವರ್ ಸರ್ವೈವ್ಡ್’ ಎಂದು ಬರೆದೇ ಬರೆಯುತ್ತಾರೆ. ಸರ್ವೈವ್ ಅವರೇ ಮಾಡಿದ್ದು, ವರ್ ಬೇಡ. ಇನ್ನೊಬ್ಬರು ಮಾಡಿದ್ದು ರೆಸ್ಕ್ಯೂ, ಅದಕ್ಕೆ ವರ್ ಬೇಕು. ಸತ್ತವರು ಸುಮಾರು 1,500. ಅವರಿಗೆ ವಿಕ್ಟಿಮ್ ಎನ್ನಬಹುದು. ಕ್ಯಾಶುವಾಲ್ಟಿ ಎಂದರೆ ಸತ್ತವರೂ ಗಾಯಾಳುಗಳೂ ಸೇರುತ್ತಾರೆ. ಕೇರಳದ ಆಸ್ಪತ್ರೆಗಳಲ್ಲಿ ತುರ್ತು ವಿಭಾಗದ ಬೋರ್ಡೇ ಕ್ಯಾಶುವಾಲ್ಟಿ ಆದ್ದರಿಂದ ನಮ್ಮ ಮಕ್ಕಳಿಗೆ ಅದೊಂದು ಕೋಣೆ. ಹಡಗಿನ ಲೋಕದಲ್ಲಿ ಅಪಘಾತಕ್ಕೆ ಸಿಕ್ಕಿದ ಹಡಗಿಗೂ ಕ್ಯಾಶುವಾಲ್ಟಿ ಎನ್ನುತ್ತಾರೆ.

ಡ್ರೌನ್ ಪದವನ್ನು ಜನರಿಗೆ ಬಳಸುವಾಗಲೂ ಸ್ವಲ್ಪ ಯೋಚಿಸಬೇಕು. ಅಂದು ನೀರು ಮೈನಸ್ 2 ಡಿಗ್ರಿ ಸೆಲ್ಸಿಯಸ್ ಇತ್ತು. ಉಪ್ಪು ನೀರಾದ್ದರಿಂದ ಹೆಪ್ಪುಗಟ್ಟಿರಲಿಲ್ಲ. ನೀರಿಗೆ ಬಿದ್ದ ಹೆಚ್ಚಿನವರ ಮೈಮೇಲೆ ಲೈಫ್ ಜಾಕೆಟ್ ಇತ್ತು, ಅವರು ತೇಲುತ್ತಲೇ ಇದ್ದರು. ಅವರನ್ನು ಕೊಂದದ್ದು ಚಳಿ. ‘ಡೈಡ್ ಆಫ್ ಕೋಲ್ಡ್’ ಅಥವಾ ‘ಫ್ರೋಜ್ ಟು ಡೆತ್’ ಎಂದು ಬರೆದರೆ ಸತ್ಯಕ್ಕೆ ಹತ್ತಿರ. ಸಾವಿನ ಕಾರಣ ಗೊತ್ತಿಲ್ಲದಾಗ ‘ಲಾಸ್ಟ್ ದೇರ್ ಲೈವ್ಸ್’ ಅಂದರೆ ಯಾವ ವಾದವೂ ಇಲ್ಲ.

ರೆಕ್ ಎಂಬುದು ಮುಳುಗಿ ಹಾಳಾದ ಹಡಗಿಗೆ ಹೇಳುವ ಮಾತು. ಶಿಪ್‌ರೆಕ್ ಆ ಘಟನೆಯೂ ಆಗಬಹುದು, ಆ ಹಡಗೂ ಆಗಬಹುದು. ಚೂರುಪಾರು ರೆಕೇಜ್, ಅದಕ್ಕೆ ಬಹುವಚನ ಇಲ್ಲ. ಟೈಟಾನಿಕ್‌ನ ರೆಕ್ ಸಿಕ್ಕಿದ್ದು 1985ರ ಸೆಪ್ಟೆಂಬರ್ 1ರಂದು. ಅಮೆರಿಕದ ರಾಬರ್ಟ್ ಬಲ್ಲಾರ್ಡ್ ಮತ್ತು ಫ್ರಾನ್ಸಿನ ಜ್ಯಾನ್ ಲೂಯಿ ಮಿಶೆಲ್ ಅವರ ತಂಡ ಕ್ಯಾಮೆರಾ ಇಳಿಸಿ ಹುಡುಕುವಾಗ ಮೊದಲು ಕಂಡದ್ದು ಒಂದು ಬಾಯ್ಲರ್. ಆಳ ಸುಮಾರು 3,800 ಮೀಟರ್. ಹಡಗಿನವರ ಹಳೆ ಅಳತೆಯಲ್ಲಿ 2,000 ಫ್ಯಾದಮ್‌ಗೂ ಜಾಸ್ತಿ. ಒಂದು ಫ್ಯಾದಮ್ 6 ಅಡಿ, ಎರಡು ಕೈ ಚಾಚಿದಷ್ಟು ಉದ್ದ. ನಮ್ಮ ಮಾರು ಇದೇ ಅಲ್ವಾ?

ಬೌ ಒಂದು ಕಡೆ, ಸ್ಟರ್ನ್ ಸುಮಾರು 600 ಮೀಟರ್ ಆಚೆ ಬಿದ್ದಿದ್ದವು. ಇದು ಒಂದು ಹಳೆಯ ಜಗಳವನ್ನು ಮುಗಿಸಿತು. ಹಡಗು ಎರಡು ತುಂಡಾಯಿತು ಎಂದು 1912ರಲ್ಲೇ ಕೆಲವು ಸರ್ವೈವರ್‌ಗಳು ಹೇಳಿದ್ದರು. ಇಡಿಯಾಗಿಯೇ ಮುಳುಗಿತು ಎಂದು ಲೈಟೋಲರ್ ಸಾಕ್ಷಿ ಹೇಳಿದರು. ವಿಚಾರಣೆ ಒಪ್ಪಿದ್ದು ಅಧಿಕಾರಿಗಳ ಮಾತನ್ನು. ಕಣ್ಣಾರೆ ಕಂಡವರು ಹೇಳುವುದಕ್ಕೆ ಐವಿಟ್ನೆಸ್ ಅಕೌಂಟ್ ಎನ್ನುತ್ತಾರೆ, ಇಲ್ಲಿ ಅಕೌಂಟ್‌ಗೂ ಬ್ಯಾಂಕಿಗೂ ಸಂಬಂಧ ಇಲ್ಲ. ತುಂಡಾಯಿತು ಎನ್ನಲು ಬ್ರೋಕ್ ಇನ್ ಟು ಅಥವಾ ಬ್ರೋಕ್ ಅಪಾರ್ಟ್. ಬರೀ ಬ್ರೋಕ್ ಎಂದರೆ ಕೆಟ್ಟುಹೋಯಿತು ಅಂತಲೂ ಆದೀತು.

ಕಬ್ಬಿಣ ಈಗ ಕರಗುತ್ತಿದೆ. ರೆಕ್‌ನ ಮೇಲಿಂದ ಜೋತುಬಿದ್ದ ತುಕ್ಕಿನ ಗೊಂಚಲುಗಳಿಗೆ ಬಲ್ಲಾರ್ಡ್ ರಸ್ಟಿಕಲ್ ಎಂದು ಹೆಸರಿಟ್ಟರು. ಅದರಲ್ಲಿ ಸಿಕ್ಕಿದ ಬ್ಯಾಕ್ಟೀರಿಯಾಕ್ಕೆ 2010ರಲ್ಲಿ ಹ್ಯಾಲೊಮೊನಾಸ್ ಟೈಟಾನಿಕೆ ಎಂಬ ಹೆಸರು ಬಂತು. 2024ರಲ್ಲಿ ಹೋದವರು ಬೌ ಮೇಲಿನ ಕಂಬಿಯ ಒಂದು ದೊಡ್ಡ ಭಾಗ ಕಳಚಿ ಬಿದ್ದದ್ದನ್ನು ನೋಡಿ ಬಂದರು. ಕೊರೋಡ್, ಡಿಕೇ, ಕೊಲ್ಯಾಪ್ಸ್ ಎಂಬ ಕ್ರಿಯಾಪದಗಳು ಇಲ್ಲಿಗೆ ಬೇಕು. 2023ರ ಜೂನ್ 18ರಂದು ಅದನ್ನು ನೋಡಲು ಐದು ಜನರನ್ನು ಕೂರಿಸಿಕೊಂಡು ಇಳಿದ ಟೈಟನ್ ಎಂಬ ಸಬ್‌ಮರ್ಸಿಬಲ್, ಅಂದರೆ ಕಡಲಾಳಕ್ಕೆ ಇಳಿಯುವ ಪುಟ್ಟ ವಾಹನ, ಇಂಪ್ಲೋಡ್ ಆಯಿತು. ಎಕ್ಸ್‌ಪ್ಲೋಡ್‌ನಲ್ಲಿ ಒಳಗಿನದು ಹೊರಗೆ ಸಿಡಿಯುತ್ತದೆ. ಇಂಪ್ಲೋಡ್‌ನಲ್ಲಿ ಹೊರಗಿನ ಒತ್ತಡಕ್ಕೆ ಒಳಗೆ ಕುಸಿಯುತ್ತದೆ.

ಇಷ್ಟು ಪದ ಕೈಲಿದ್ದರೆ 2025ರ ಮಳೆಗಾಲದ ಕೇರಳದ ಇಂಗ್ಲಿಷ್ ಪತ್ರಿಕೆಗಳನ್ನು ಡಿಕ್ಷನರಿ ಇಲ್ಲದೆ ಓದಬಹುದು. ಮೇ 24ರಂದು ಕೊಚ್ಚಿಯ ಹೊರಗಡಲಲ್ಲಿ ಎಂಎಸ್‌ಸಿ ಎಲ್ಸಾ 3 ಎಂಬ ಹಡಗು 26 ಡಿಗ್ರಿ ಲಿಸ್ಟ್ ಆಯಿತು. ಮರುದಿನ ಮಗುಚಿ ಮುಳುಗಿತು. 24 ಜನರೂ ರೆಸ್ಕ್ಯೂ ಆದರು. 640 ಕಂಟೇನರ್‌ಗಳಲ್ಲಿ ಕೆಲವು ತೇಲಿಬಂದು ಕೊಲ್ಲಂ, ಆಲಪ್ಪುಳ ದಡಕ್ಕೆ ವಾಶ್ಡ್ ಅಶೋರ್. ಹೀಗೆ ತಾನಾಗಿ ತೇಲಿಬಂದದ್ದು ಫ್ಲಾಟ್‌ಸಮ್, ಹಡಗು ಹಗುರ ಮಾಡಲು ಬೇಕೆಂದೇ ಎಸೆದದ್ದು ಜೆಟ್‌ಸಮ್. ಜೂನ್ 9ರಂದು ಕಣ್ಣೂರಿನ ಅಳಿಕ್ಕಲ್‌ನಿಂದ ದೂರದ ಕಡಲಲ್ಲಿ ವಾನ್ ಹೈ 503ಕ್ಕೆ ಬೆಂಕಿ ಬಿತ್ತು. 22ರಲ್ಲಿ 18 ಜನ ಸಿಕ್ಕಿದರು, ನಾಲ್ವರು ಮಿಸ್ಸಿಂಗ್. ಹಡಗು ಅಡ್ರಿಫ್ಟ್, ಅಂದರೆ ಎಂಜಿನ್ ಇಲ್ಲದೆ ಅಲೆ ಎಳೆದ ಕಡೆಗೆ. ಅದನ್ನು ಹಗ್ಗ ಕಟ್ಟಿ ಎಳೆಯುವುದು ಟೋ. ಹಡಗನ್ನೋ ಸರಕನ್ನೋ ಉಳಿಸುವ ಇಡೀ ಕೆಲಸ ಸಾಲ್ವೇಜ್.

ಆಮೇಲೆ ಕೋರ್ಟು ಬಂತು. ಎಲ್ಸಾ ಮುಳುಗಿ ಆದ ನಷ್ಟಕ್ಕೆ ಕೇರಳ ಸರಕಾರ 9,531 ಕೋಟಿ ರೂಪಾಯಿ ಕೇಳಿ ಹೈಕೋರ್ಟಿಗೆ ಹೋಯಿತು. ಕೋರ್ಟು ವಿಳಿಂಜಂ ಬಂದರಿನಲ್ಲಿದ್ದ ಅದೇ ಎಂಎಸ್‌ಸಿ ಕಂಪನಿಯ ಅಕಿಟೆಟಾ 2 ಎಂಬ ಇನ್ನೊಂದು ಹಡಗನ್ನು ಅರೆಸ್ಟ್ ಮಾಡಲು ಹೇಳಿತು. ಹಡಗನ್ನು ಹೇಗೆ ಅರೆಸ್ಟ್ ಮಾಡುತ್ತಾರೆ, ಪೊಲೀಸರು ಈಜಿಕೊಂಡು ಹೋಗ್ತಾರಾ ಅಂತ ಒಬ್ಬ ಹುಡುಗ ಕೇಳಿದ. ಕೋರ್ಟಿನ ಆದೇಶ ಹಡಗಿಗೆ ಮುಟ್ಟುತ್ತದೆ, ಬಂದರಿನವರು ಅದನ್ನು ಹೊರಡಲು ಬಿಡುವುದಿಲ್ಲ. ಕೋರ್ಟು ಹೇಳಿದಷ್ಟು ಹಣಕ್ಕೆ ಭದ್ರತೆ ಕೊಟ್ಟರೆ ಹಡಗು ರಿಲೀಸ್.